ಬೆಂಕಿ ಹುಡುಕಿ ಆರಿಸುವ ಪುಟ್ಟ ರೋಬಾಟ್: ನಮ್ಮ ಮನೆಯ ತಣ್ಣಪ್ಪ



ರೋಬಾಟ್ ಎಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಸಿನಿಮಾದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಹಾರುವ ಉಕ್ಕಿನ ಮನುಷ್ಯ. ನಾನು ಹೇಳಹೊರಟಿರುವುದು ಅಷ್ಟು ದೊಡ್ಡವನ ಕಥೆಯಲ್ಲ. ಈತನ ಎತ್ತರ ಒಂದು ಗೇಣು. ಎರಡು ಚಕ್ರ, ನಾಲ್ಕಾರು ಕಣ್ಣು, ತಲೆಯ ಮೇಲೊಂದು ಪುಟ್ಟ ಫ್ಯಾನು. ಮಾಡುವ ಕೆಲಸವೂ ಒಂದೇ: ಗೊಂಬೆಮನೆಯಂಥ ಮನೆಯೊಳಗೆ ತಾನೇ ಓಡಾಡಿ, ಯಾವ ಕೋಣೆಯಲ್ಲಿ ಮೇಣದಬತ್ತಿ ಉರಿಯುತ್ತಿದೆ ಎಂದು ಪತ್ತೆ ಹಚ್ಚಿ, ಹತ್ತಿರ ಹೋಗಿ ಆರಿಸುವುದು. ನನ್ನ ಮಗಳೂ ಅವಳ ಇಬ್ಬರು ಗೆಳತಿಯರೂ ಸೇರಿ ನಮ್ಮ ಬೇಸ್‌ಮೆಂಟಿನಲ್ಲಿ ಕಟ್ಟಿದ ಈತನಿಗೆ ಅವರಿಟ್ಟ ಹೆಸರು ‘ತಣ್ಣಪ್ಪ’. ಬೆಸುಗೆ ಹಾಕುವಾಗ ಕಾವಲು ಕಾಯುವುದು, ಬೆಂಕಿಪೊಟ್ಟಣವನ್ನು ಕಿಸೆಯಲ್ಲಿಟ್ಟುಕೊಳ್ಳುವುದು, ನಡುನಡುವೆ ಪ್ರಶ್ನೆ ಕೇಳುವುದು ನನ್ನ ಪಾಲಿನ ಕೆಲಸ.

ಇಂಥದ್ದನ್ನು ಹೇಗೆ ಕಟ್ಟುತ್ತಾರೆ, ಎಲ್ಲಿ ಕಷ್ಟ, ಇದರಿಂದ ನಮ್ಮ ಮನೆಗಳಿಗೇನು ಉಪಯೋಗ ಎಂದು ಕೂಟದ ಹಲವರು ಕೇಳಿದ್ದರಿಂದ ಈ ಬರಹ. ಎಂಜಿನಿಯರುಗಳು ಕ್ಷಮಿಸಬೇಕು, ಎಲ್ಲರಿಗೂ ತಿಳಿಯುವ ಹಾಗೆ ಬರೆಯುತ್ತಿದ್ದೇನೆ.

ಆಟದ ಮನೆ

ಈ ಆಟದ ತವರು ನಮ್ಮ ಕನೆಕ್ಟಿಕಟ್ ರಾಜ್ಯವೇ. ಹಾರ್ಟ್‌ಫರ್ಡ್ ನಗರದ ಟ್ರಿನಿಟಿ ಕಾಲೇಜಿಗೆ ಸಂಬಂಧಿಸಿದ ಬೆಂಕಿ ಆರಿಸುವ ರೋಬಾಟ್‌ಗಳ ಸ್ಪರ್ಧೆ 1994ರಲ್ಲಿ ಶುರುವಾಯಿತು. ಮುಂದೆ ಅದು ವರ್ಷ ವರ್ಷವೂ ಬೆಳೆದು, ಶಾಲೆಯ ಮಕ್ಕಳಿಂದ ಹಿಡಿದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಹವ್ಯಾಸಿಗಳವರೆಗೆ ದೇಶವಿದೇಶದ ತಂಡಗಳನ್ನು ಸೆಳೆಯಿತು. ನಮ್ಮ ಮಕ್ಕಳು ಸ್ಪರ್ಧೆಗೆ ಹೋಗಲಿಲ್ಲ. ಆದರೆ ಅಲ್ಲಿನ ಹಳೆಯ ನಿಯಮಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡರು.

ಆ ನಿಯಮದಂತೆ ಮನೆ ಎಂದರೆ ಸುಮಾರು 248 ಸೆಂಟಿಮೀಟರ್ ಚೌಕದ ಹಲಗೆ. ಅದರ ಮೇಲೆ 33 ಸೆಂಟಿಮೀಟರ್ ಎತ್ತರದ ಬಿಳಿ ಗೋಡೆಗಳು, ನಾಲ್ಕು ಕೋಣೆಗಳು, ನಡುವೆ ಓಣಿಗಳು. ನೆಲಕ್ಕೆ ಕಪ್ಪು ಬಣ್ಣ. ಬಾಗಿಲುಗಳ ಅಗಲ 46 ಸೆಂಟಿಮೀಟರ್, ಪ್ರತಿ ಹೊಸ್ತಿಲಿನಲ್ಲೂ ಎರಡೂವರೆ ಸೆಂಟಿಮೀಟರ್ ಅಗಲದ ಬಿಳಿ ಪಟ್ಟಿ. ನಾಲ್ಕರಲ್ಲಿ ಒಂದು ಕೋಣೆಯಲ್ಲಿ ಮೇಣದಬತ್ತಿ. ಯಾವ ಕೋಣೆ ಎಂಬುದು ರೋಬಾಟ್‌ಗೆ ಮೊದಲೇ ತಿಳಿದಿರಬಾರದು. ದೂರದಿಂದ ಗಾಳಿ ಬಿಟ್ಟು ಆರಿಸಿದರೆ ಲೆಕ್ಕಕ್ಕಿಲ್ಲ, ಬತ್ತಿಯಿಂದ 30 ಸೆಂಟಿಮೀಟರ್ ಒಳಗೆ ಬಂದೇ ಆರಿಸಬೇಕು. ಒಮ್ಮೆ ಬಿಟ್ಟ ಮೇಲೆ ಯಾರೂ ರಿಮೋಟ್ ಮುಟ್ಟುವ ಹಾಗಿಲ್ಲ.

ಕೇಳಲು ಸುಲಭ. ಆದರೆ ಕಣ್ಣು ಕಟ್ಟಿದ ಮಗುವನ್ನು ಗೊತ್ತಿಲ್ಲದ ಮನೆಯೊಳಗೆ ಬಿಟ್ಟು ದೇವರ ದೀಪ ಎಲ್ಲಿದೆ ಹುಡುಕು ಎಂದ ಹಾಗೆ ಇದು.

ಮೈ, ಕಾಲು ಮತ್ತು ಮಿದುಳು

ತಣ್ಣಪ್ಪನ ಮೈ ತೆಳುವಾದ ಪ್ಲೈವುಡ್ಡಿನ ದುಂಡು ತಟ್ಟೆ. ದುಂಡಗೆ ಏಕೆ? ಚೌಕದ ಮೈ ತಿರುಗುವಾಗ ಮೂಲೆ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ದುಂಡು ಮೈಗೆ ನಿಂತಲ್ಲೇ ಸುತ್ತಲು ಅಡ್ಡಿಯಿಲ್ಲ. ಅಕ್ಕಪಕ್ಕ ಎರಡು ಮೋಟಾರು, ಎರಡು ಚಕ್ರ, ಹಿಂದೆ ಉರುಳುವ ಒಂದು ಗುಂಡು. ಸ್ಟಿಯರಿಂಗ್ ಇಲ್ಲ. ಎರಡೂ ಚಕ್ರ ಸಮವಾಗಿ ತಿರುಗಿದರೆ ನೇರ ದಾರಿ, ಒಂದು ನಿಧಾನವಾದರೆ ಆ ಕಡೆಗೆ ಬಾಗು, ಒಂದು ಮುಂದಕ್ಕೆ ಒಂದು ಹಿಂದಕ್ಕೆ ತಿರುಗಿದರೆ ನಿಂತಲ್ಲೇ ಬುಗುರಿ.

ಮಿದುಳು ಆರ್ಡುಯಿನೊ ಊನೊ ಎಂಬ ಸಣ್ಣ ಬೋರ್ಡು. ಇಟಲಿಯ ಇವ್ರಿಯಾ ಪಟ್ಟಣದಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗೆಂದು ಹುಟ್ಟಿದ ಆರ್ಡುಯಿನೊ ಕುಟುಂಬಕ್ಕೆ ಸೇರಿದ್ದು. ಅದರ ನೆನಪಿನ ಶಕ್ತಿ ಬರೀ 2 ಕಿಲೋಬೈಟ್, ಪ್ರೋಗ್ರಾಮ್ ಇಡಲು 32 ಕಿಲೋಬೈಟ್. ಕಿಸೆಯಲ್ಲಿರುವ ಫೋನಿನ ಮುಂದೆ ಇದು ಏನೂ ಅಲ್ಲ. ಆದರೂ ಸಾಕು. ಈ ಕೆಲಸಕ್ಕೆ ಬೇಕಾದದ್ದು ಮಹಾ ಪಾಂಡಿತ್ಯವಲ್ಲ, ಎಚ್ಚರ.

ಗೋಡೆಯನ್ನು ಕೇಳಿ ತಿಳಿಯುವುದು

ಗೋಡೆ ಎಷ್ಟು ದೂರದಲ್ಲಿದೆ ಎಂದು ತಿಳಿಯಲು ತಣ್ಣಪ್ಪ ಬಾವಲಿಯ ವಿದ್ಯೆ ಬಳಸುತ್ತಾನೆ. ಮುಂದೆ, ಎಡಕ್ಕೆ, ಬಲಕ್ಕೆ ಒಂದೊಂದು ಶ್ರವಣಾತೀತ ಧ್ವನಿಯ ಸೆನ್ಸರ್. ಪ್ರತಿಯೊಂದೂ ನಮ್ಮ ಕಿವಿಗೆ ಕೇಳದ 40 ಕಿಲೋಹರ್ಟ್ಸ್ ಕೂಗು ಹಾಕುತ್ತದೆ, ಪ್ರತಿಧ್ವನಿ ಬರುವವರೆಗಿನ ಹೊತ್ತನ್ನು ಅಳೆಯುತ್ತದೆ. ಸಾಧಾರಣ ಬೆಚ್ಚಗಿನ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಗೋಡೆ 20 ಸೆಂಟಿಮೀಟರ್ ದೂರವಿದ್ದರೆ ಕೂಗು ಹೋಗಿ ಬರಲು 40 ಸೆಂಟಿಮೀಟರ್, ಅಂದರೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಚೂರು ಹೆಚ್ಚು ಹೊತ್ತು. ಮೈಕ್ರೋಸೆಕೆಂಡುಗಳನ್ನು 58ರಿಂದ ಭಾಗಿಸಿದರೆ ಸೆಂಟಿಮೀಟರ್ ಸಿಗುತ್ತದೆ. ಏಳನೇ ತರಗತಿಯ ಮಕ್ಕಳೂ ಕಾಗದದ ಮೇಲೆ ಮಾಡಿ ನೋಡಬಹುದಾದ ಲೆಕ್ಕ.

ಇಲ್ಲೊಂದು ಸ್ವಾರಸ್ಯವಿದೆ. ಮೊದಮೊದಲು ತಣ್ಣಪ್ಪ ಕೆಲವೊಮ್ಮೆ ಹೊಸ್ತಿಲಿನ ಬಿಳಿ ಪಟ್ಟಿಯನ್ನು ಗಮನಿಸದೆ ದಾಟಿಬಿಡುತ್ತಿದ್ದ. ಪಟ್ಟಿ ನೋಡುವ ಸೆನ್ಸರ್ ಸರಿಯಾಗಿಯೇ ಇತ್ತು. ಕಾರಣ ಸಿಕ್ಕಿದ್ದು ಲೆಕ್ಕದಲ್ಲಿ. ಆತನ ವೇಗ ಸೆಕೆಂಡಿಗೆ 25 ಸೆಂಟಿಮೀಟರ್, ಪಟ್ಟಿಯ ಅಗಲ ಎರಡೂವರೆ. ಅಂದರೆ ಪಟ್ಟಿ ಕಣ್ಣಿಗೆ ಬೀಳುವುದು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ. ಇತ್ತ ದೂರದ ಪ್ರತಿಧ್ವನಿಗಾಗಿ ಕಾಯುತ್ತಾ ಒಂದೊಂದು ಸೆನ್ಸರ್ 4 ಮೀಟರ್‌ವರೆಗೆ ಕಿವಿಗೊಟ್ಟರೆ ಮೂರಕ್ಕೂ ಸೇರಿ ಸೆಕೆಂಡಿನ ನೂರರಲ್ಲಿ ಏಳು ಭಾಗ ಕಳೆದುಹೋಗುತ್ತದೆ. ಉಳಿದ ಕೆಲಸಗಳ ಹೊತ್ತೂ ಸೇರಿದರೆ ಪಟ್ಟಿ ನೋಡಲು ಪುರುಸೊತ್ತೇ ಇಲ್ಲ! ಎರಡೂವರೆ ಮೀಟರಿನ ಮನೆಯಲ್ಲಿ 4 ಮೀಟರ್ ದೂರಕ್ಕೆ ಏಕೆ ಕಿವಿಗೊಡಬೇಕು? ಒಂದು ಮೀಟರಿನಿಂದಾಚೆ ಕಾಯಬೇಡ ಎಂದು ಹೇಳಿದ ಮೇಲೆ ಕಾಯುವಿಕೆ ಕಾಲು ಭಾಗಕ್ಕಿಳಿಯಿತು, ಹೊಸ್ತಿಲೂ ಕಾಣಿಸತೊಡಗಿತು. ದೂರದ್ದನ್ನು ಕೇಳುತ್ತಾ ಕಾಲ ಬುಡದ್ದನ್ನು ಮರೆಯಬಾರದು ಎಂಬ ಮಾತು ರೋಬಾಟ್‌ಗೂ ಸಲ್ಲುತ್ತದೆ.

ಪ್ರದಕ್ಷಿಣೆ ಹಾಕಿದರೆ ಗರ್ಭಗುಡಿ ಸಿಗದು

ಚಕ್ರವ್ಯೂಹದಂಥ ದಾರಿಗಳಲ್ಲಿ ಎಲ್ಲರೂ ಹೇಳುವ ಉಪಾಯವೊಂದಿದೆ: ಬಲಗೈಯನ್ನು ಗೋಡೆಯಿಂದ ತೆಗೆಯದೆ ನಡೆ, ಎಲ್ಲ ಕಡೆಗೂ ಹೋಗಿಬರುತ್ತೀಯೆ. ತಣ್ಣಪ್ಪನೂ ಹಾಗೆಯೇ ನಡೆಯುತ್ತಾನೆ. ಬಲಗಡೆಯ ಗೋಡೆ 10 ಸೆಂಟಿಮೀಟರ್ ದೂರದಲ್ಲಿರಬೇಕು ಎಂಬುದು ಆತನ ವ್ರತ. ದೂರ ಹೆಚ್ಚಾದರೆ ಸ್ವಲ್ಪ ಬಲಕ್ಕೆ, ಕಡಿಮೆಯಾದರೆ ಸ್ವಲ್ಪ ಎಡಕ್ಕೆ. ಎಷ್ಟು ತಪ್ಪಿದೆಯೋ ಅಷ್ಟಕ್ಕೆ ತಕ್ಕಷ್ಟೇ ತಿದ್ದಬೇಕು. ಒಮ್ಮೆಲೇ ಜಗ್ಗಿದರೆ ಹೊಸದಾಗಿ ಕಾರು ಕಲಿಯುವವರ ಹಾಗೆ ರಸ್ತೆಯ ಈ ಬದಿಗೊಮ್ಮೆ ಆ ಬದಿಗೊಮ್ಮೆ ಓಲಾಟ.

ಆದರೆ ಟ್ರಿನಿಟಿಯ ಮನೆ ಕಟ್ಟಿದವರು ಜಾಣರು. ಮೂರು ಕೋಣೆಗಳು ಹೊರಗೋಡೆಗೆ ಅಂಟಿಕೊಂಡಿವೆ, ನಾಲ್ಕನೆಯದು ಸುತ್ತ ಓಣಿ ಬಿಟ್ಟು ದ್ವೀಪದಂತೆ ನಿಂತಿದೆ. ನಮ್ಮ ದೇವಸ್ಥಾನಗಳನ್ನು ನೆನಪಿಸಿಕೊಳ್ಳಿ. ಹೊರ ಪ್ರಾಕಾರದ ಗೋಡೆಗೆ ಕೈ ಹಚ್ಚಿ ನಡೆದರೆ ಎಷ್ಟು ಸುತ್ತು ಹಾಕಿದರೂ ಪ್ರದಕ್ಷಿಣೆಯಾದೀತೇ ಹೊರತು ಗರ್ಭಗುಡಿ ಸಿಗುವುದಿಲ್ಲ, ಏಕೆಂದರೆ ಆ ಗೋಡೆಗೂ ಈ ಗೋಡೆಗೂ ಸಂಬಂಧವೇ ಇಲ್ಲ. ಒಳಗೆ ಹೋಗಬೇಕಾದರೆ ಎಲ್ಲಾದರೂ ಒಂದು ಕಡೆ ಕೈ ಬಿಟ್ಟು ಅಂಗಳ ದಾಟಲೇಬೇಕು. ಹಾಗಾಗಿ ತಣ್ಣಪ್ಪ ಹೊಸ್ತಿಲುಗಳನ್ನು ಎಣಿಸುತ್ತಾನೆ. ಮೂರು ಕೋಣೆಗಳಲ್ಲಿ ಬೆಂಕಿ ಇಲ್ಲವೆಂದಾದರೆ, ಮೂರನೆಯದರ ಬಾಗಿಲಿನಿಂದ ಹೊರಬಂದು, ಗೋಡೆ ಬಿಟ್ಟು ನೇರ ನಡೆದು, ಎದುರು ಸಿಕ್ಕ ಗೋಡೆಗೆ ಹೊಸದಾಗಿ ಕೈ ಹಚ್ಚುತ್ತಾನೆ. ಹುಡುಗಿಯರು ಈ ಉಪಾಯ ಹುಡುಕಲು ಎರಡು ಶನಿವಾರ ಹಿಡಿಯಿತು. ಉತ್ತರ ಹೇಳಿಬಿಡಬೇಕು ಎಂದು ನನ್ನ ನಾಲಿಗೆ ತುರಿಸುತ್ತಿದ್ದರೂ ಸುಮ್ಮನಿದ್ದೆ.

ಬೆಂಕಿ ಎಂದರೆ ಯಾವುದು?

ನಮಗೆ ಜ್ವಾಲೆ ಹಳದಿಯಾಗಿ ಕಾಣುತ್ತದೆ. ಆದರೆ ಅದು ಹೊರಸೂಸುವ ಶಕ್ತಿಯ ಬಹುಪಾಲು ನಮ್ಮ ಕಣ್ಣಿಗೆ ಕಾಣದ ಅವಗೆಂಪು ಕಿರಣ. ಅಗ್ಗದ ಜ್ವಾಲೆ ಸೆನ್ಸರ್‌ಗಳು 760ರಿಂದ 1100 ನ್ಯಾನೊಮೀಟರ್ ಅಲೆಯುದ್ದದ ಈ ಕಿರಣಗಳನ್ನು ಹಿಡಿಯುತ್ತವೆ. ಟಿವಿ ರಿಮೋಟ್ ಮಿಟುಕಿಸುವುದೂ ಇದೇ ಜಾತಿಯ ಬೆಳಕನ್ನೇ. ರಿಮೋಟಿನ ಮೂತಿಯನ್ನು ಫೋನಿನ ಕ್ಯಾಮೆರಾದಲ್ಲಿ ನೋಡುತ್ತಾ ಗುಂಡಿ ಒತ್ತಿ, ಕೆಲವು ಫೋನುಗಳಲ್ಲಿ ಅದು ಹೊಳೆಯುವುದು ಕಾಣುತ್ತದೆ. ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ.

ತೊಂದರೆ ಏನೆಂದರೆ, ಅವಗೆಂಪು ಕಿರಣ ಬೆಂಕಿಯ ಸ್ವಂತ ಸೊತ್ತಲ್ಲ. ಬಿಸಿಲಿನಲ್ಲಿದೆ, ಹಳೆಯ ತಂತಿ ಬಲ್ಬಿನಲ್ಲಿದೆ. ಕಿಟಕಿಯಿಂದ ಬಿದ್ದ ಬಿಸಿಲು ಬಿಳಿ ಗೋಡೆಗೆ ತಾಗಿದರೆ ತಣ್ಣಪ್ಪನಿಗೆ ಅದೂ ಅಗ್ನಿಯೇ. ಒಂದು ಮಧ್ಯಾಹ್ನ ಆತ ಬಿಸಿಲಿನ ಮುಂದೆ ನಿಂತು ಸೂರ್ಯನನ್ನು ಆರಿಸಲು ಫ್ಯಾನು ಹಾಕಿಕೊಂಡು ಕೂತಿದ್ದ! ಇದಕ್ಕೆ ಮಕ್ಕಳು ಮೂರು ಮದ್ದು ಮಾಡಿದರು.

ಮೊದಲನೆಯದು, ಸೆನ್ಸರಿಗೆ ಕಪ್ಪು ಕೊಳವೆ ತೊಡಿಸುವುದು. ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ. ಆಗ ಎದುರಿನ ಸಣ್ಣ ಭಾಗ ಮಾತ್ರ ಕಾಣುತ್ತದೆ, ಬೆಂಕಿಯ ದಿಕ್ಕು ಖಚಿತವಾಗುತ್ತದೆ.

ಎರಡನೆಯದು, ಹೊರಡುವ ಮೊದಲೇ ಬೆಂಕಿ ಇಲ್ಲದ ಜಾಗದಲ್ಲಿ ಬೆಳಕನ್ನು ಅಳೆದು ನೆನಪಿಟ್ಟುಕೊಳ್ಳುವುದು. ಆಮೇಲೆ ನೋಡಬೇಕಾದದ್ದು ಬೆಳಕು ಎಷ್ಟಿದೆ ಎಂದಲ್ಲ, ಇದ್ದದ್ದಕ್ಕಿಂತ ಎಷ್ಟು ಹೆಚ್ಚಿದೆ ಎಂದು.

ಮೂರನೆಯದು, ಬೆಳಕಿನ ಆಕಾರ ನೋಡುವುದು. ಸೆನ್ಸರನ್ನು ಸಣ್ಣ ಸರ್ವೊ ಮೋಟಾರಿನ ಮೇಲಿಟ್ಟು ಎಡದಿಂದ ಬಲಕ್ಕೆ 180 ಡಿಗ್ರಿ, ಹತ್ತು ಡಿಗ್ರಿಗೊಮ್ಮೆ ನಿಲ್ಲಿಸಿ ಅಳೆದರೆ 19 ಸಂಖ್ಯೆಗಳು ಸಿಗುತ್ತವೆ. ಮೇಣದಬತ್ತಿಯಾದರೆ ಒಂದೇ ಕಡೆ ಚೂಪಾದ ಗೋಪುರ, ಬಿಸಿಲು ಬಿದ್ದ ಗೋಡೆಯಾದರೆ ಅಗಲವಾದ ದಿಬ್ಬ. ಗೋಪುರ ಕಂಡರೆ ಮಾತ್ರ ಆ ದಿಕ್ಕಿಗೆ ಹೋಗಬೇಕು.

ಇನ್ನೂ ಒಳ್ಳೆಯ ಕಣ್ಣು ಬೇಕೆನ್ನುವವರಿಗೆ ಜಪಾನಿನ ಹಮಾಮಾತ್ಸು ಕಂಪನಿಯ ನೇರಳಾತೀತ ಕೊಳವೆ ಇದೆ. ಅದು ಹಿಡಿಯುವುದು 185ರಿಂದ 260 ನ್ಯಾನೊಮೀಟರ್ ಕಿರಣಗಳನ್ನು ಮಾತ್ರ. ಬಿಸಿಲಿನಲ್ಲಿರುವ ಆ ಕಿರಣಗಳನ್ನು ಮೇಲಿನ ವಾಯುಮಂಡಲವೇ ಹೀರಿಕೊಳ್ಳುವುದರಿಂದ ಬಿಸಿಲು ಅದಕ್ಕೆ ಕತ್ತಲೆ, ಬೆಂಕಿ ಮಾತ್ರ ಬೆಳಕು. ಆದರೆ ಅದಕ್ಕೆ ನೂರಾರು ವೋಲ್ಟ್ ವಿದ್ಯುತ್ ಬೇಕು. ಮಕ್ಕಳ ಕೈಗೆ ಅದು ಬೇಡವೆಂದು ನಾವು ಅದರ ತಂಟೆಗೆ ಹೋಗಲಿಲ್ಲ.

ಆರಿಸುವ ಹೊತ್ತಿಗೆ ಕರ್ಣನ ಶಾಪ

ಮೇಣದಬತ್ತಿಯಲ್ಲಿ ಉರಿಯುವುದು ಗಟ್ಟಿ ಮೇಣವಲ್ಲ. ಕರಗಿ, ಬತ್ತಿಯಲ್ಲಿ ಏರಿ, ಆವಿಯಾದ ಮೇಣ. ಜೋರಾಗಿ ಊದಿದಾಗ ಆ ಆವಿ ಚದುರುತ್ತದೆ, ಬತ್ತಿ ತಣ್ಣಗಾಗುತ್ತದೆ, ಜ್ವಾಲೆ ಆರುತ್ತದೆ. ಅದಕ್ಕಾಗಿ ಫ್ಯಾನು.

ಆದರೆ ಫ್ಯಾನು ಶುರುವಾದ ಕ್ಷಣದಲ್ಲಿ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತದೆ. ಎಲ್ಲಕ್ಕೂ ಒಂದೇ ಬ್ಯಾಟರಿಯಾದರೆ ವೋಲ್ಟೇಜ್ ಕುಸಿದು ಮಿದುಳಿನ ಬೋರ್ಡು ಮರುಹುಟ್ಟು ಪಡೆಯುತ್ತದೆ. ಎಲ್ಲಿದ್ದೇನೆ, ಏನು ಮಾಡುತ್ತಿದ್ದೆ, ಯಾವುದೂ ನೆನಪಿಲ್ಲ. ಬೇಕಾದ ಹೊತ್ತಿಗೆ ಮಂತ್ರ ಮರೆತುಹೋಗಲಿ ಎಂಬ ಪರಶುರಾಮರ ಶಾಪ ಕರ್ಣನಿಗೆ ತಟ್ಟಿದ ಹಾಗೆ! ಪರಿಹಾರ ಸರಳ: ಮಿದುಳಿಗೊಂದು, ಮೋಟಾರು ಮತ್ತು ಫ್ಯಾನಿಗೊಂದು, ಹೀಗೆ ಬೇರೆ ಬೇರೆ ಬ್ಯಾಟರಿ. ಎರಡರ ಋಣ ತಂತಿಗಳನ್ನು ಮಾತ್ರ ಒಂದು ಕಡೆ ಸೇರಿಸಬೇಕು. ಫ್ಯಾನನ್ನು ಬೋರ್ಡಿನ ಕಾಲಿಗೆ ನೇರ ಜೋಡಿಸದೆ ನಡುವೆ ಟ್ರಾನ್ಸಿಸ್ಟರ್ ಇಡಬೇಕು.

ಬುದ್ಧಿ ಎಂದರೆ ಆರು ಸ್ಥಿತಿ

ಪ್ರೋಗ್ರಾಮ್ ಬರೆಯುವ ಮುನ್ನ ಮಕ್ಕಳು ಕಾಗದದ ಮೇಲೆ ಆರು ಡಬ್ಬ ಬರೆದರು: ಕಾಯುವುದು, ಓಣಿಯಲ್ಲಿ ನಡೆಯುವುದು, ಕೋಣೆ ನೋಡುವುದು, ಬೆಂಕಿಯ ಹತ್ತಿರ ಹೋಗುವುದು, ಆರಿಸುವುದು, ಆರಿತೇ ಎಂದು ಮತ್ತೆ ನೋಡುವುದು. ಯಾವಾಗಲೂ ತಣ್ಣಪ್ಪ ಇವುಗಳಲ್ಲಿ ಒಂದೇ ಡಬ್ಬದಲ್ಲಿರುತ್ತಾನೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಇಂಥದ್ದೇ ಕಾರಣ ಎಂದು ಬಾಣದ ಗುರುತಿನ ಮೇಲೆ ಬರೆದಿರಬೇಕು. ಬಿಳಿ ಪಟ್ಟಿ ಕಂಡರೆ ನಡೆಯುವುದರಿಂದ ನೋಡುವುದಕ್ಕೆ, ಗೋಪುರ ಕಂಡರೆ ನೋಡುವುದರಿಂದ ಹತ್ತಿರ ಹೋಗುವುದಕ್ಕೆ, ಹೀಗೆ.

ಆರನೆಯ ಡಬ್ಬವೇ ನನಗೆ ಅಚ್ಚುಮೆಚ್ಚು. ಫ್ಯಾನು ನಿಂತ ಮೇಲೆ ಎರಡು ಸೆಕೆಂಡು ಕಾದು ಮತ್ತೆ ನೋಡು, ಗೋಪುರ ಇನ್ನೂ ಇದ್ದರೆ ಮತ್ತೆ ಊದು. ಕೆಲಸ ಮಾಡಿದೆ ಎನ್ನುವುದು ಬೇರೆ, ಕೆಲಸ ಆಗಿದೆ ಎನ್ನುವುದು ಬೇರೆ. ಈ ವ್ಯತ್ಯಾಸ ನಮ್ಮ ಆಫೀಸುಗಳಲ್ಲಿ ಎಷ್ಟು ಜನಕ್ಕೆ ಗೊತ್ತಿದೆ ಹೇಳಿ!

ಅಜ್ಜಿ ಕೇಳಿದ ಪ್ರಶ್ನೆ

ಆರು ತಿಂಗಳಿಗೆಂದು ಹಾಸನದಿಂದ ಬಂದಿದ್ದ ನಮ್ಮಮ್ಮ ಇದನ್ನೆಲ್ಲ ನೋಡುತ್ತಾ ಕೂತಿದ್ದವರು ಮೊಮ್ಮಗಳನ್ನು ಕೇಳಿದರು: “ಪುಟ್ಟಿ, ನೀವೆಲ್ಲ ಸ್ಕೂಲಿಗೆ, ಆಫೀಸಿಗೆ ಹೋದಾಗ ಒಲೆ ಮೇಲೆ ಎಣ್ಣೆ ಹೊತ್ತಿಕೊಂಡರೆ ನಿನ್ನ ತಣ್ಣಪ್ಪ ಬಂದು ಆರಿಸ್ತಾನೇನೆ?”

“ಇಲ್ಲ ಅಜ್ಜಿ, ಅವನು ಬಂದು ಫ್ಯಾನ್ ಹಾಕಿದರೆ ಇನ್ನೂ ಜಾಸ್ತಿ ಆಗುತ್ತೆ,” ಎಂದಳು ಮಗಳು. ಅವಳು ಹೇಳಿದ್ದು ನಿಜ. ಬತ್ತಿಯ ಜ್ವಾಲೆಯನ್ನು ಆರಿಸುವ ಗಾಳಿಯೇ ದೊಡ್ಡ ಬೆಂಕಿಗೆ ಉಸಿರು. ಒಂದು ಬೆಂಕಿಗೆ ಮದ್ದಾದದ್ದು ಇನ್ನೊಂದಕ್ಕೆ ತುಪ್ಪ.

ನಿಜವಾದ ಬೆಂಕಿಗೆ ಹೋಗುವ ರೋಬಾಟ್‌ಗಳೂ ಇವೆ. 2019ರ ಏಪ್ರಿಲ್ 15ರಂದು ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿಗೆ ಬೆಂಕಿ ಬಿದ್ದಾಗ, ಒಳಗೆ ನಿಲ್ಲುವುದು ಅಪಾಯವೆಂದು ಜನರನ್ನು ಹಿಂದಕ್ಕೆ ಕರೆಸಿ, ‘ಕೊಲೋಸಸ್’ ಎಂಬ ಸುಮಾರು 500 ಕಿಲೋ ತೂಕದ ಯಂತ್ರವನ್ನು ಒಳಗೆ ಕಳಿಸಿ ನೀರು ಹಾಯಿಸಿದರು. ಲಾಸ್ ಏಂಜಲೀಸ್ ಅಗ್ನಿಶಾಮಕ ದಳ 2020ರಲ್ಲಿ ಇಂಥದ್ದೇ ಒಂದನ್ನು ಪಡೆಯಿತು. ಆದರೆ ಇವೆರಡನ್ನೂ ನಡೆಸುವವರು ದೂರದಲ್ಲಿ ನಿಂತ ಮನುಷ್ಯರೇ. ನಮ್ಮ ತಣ್ಣಪ್ಪ ತಾನೇ ನಿರ್ಧರಿಸುತ್ತಾನೆ ನಿಜ, ಆದರೆ ಆತನ ಲೋಕ ಎರಡೂವರೆ ಮೀಟರ್ ಚೌಕ.

ಅಮ್ಮನ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಇಲ್ಲಿನ ನಮ್ಮ ಎಷ್ಟೋ ಮನೆಗಳಲ್ಲಿ ಹಗಲಿಡೀ ಇರುವವರು ಊರಿನಿಂದ ಬಂದ ಹಿರಿಯರು, ಜೊತೆಗೊಂದು ಹಸುಗೂಸು. ಆರಿಸಿದ ಮೇಲೂ ಬಿಸಿಯಾಗಿಯೇ ಇರುವ ಕರೆಂಟಿನ ಒಲೆ ಅವರಿಗೆ ಹೊಸದು, ಇಂಗ್ಲಿಷಿನಲ್ಲಿ ಮಾತಾಡುವ ಧೈರ್ಯ ಕಡಿಮೆ. ಅಮೆರಿಕದಲ್ಲಿ ಮನೆಗೆ ಬೆಂಕಿ ಬೀಳುವ ಕಾರಣಗಳಲ್ಲಿ ಮೊದಲನೆಯದು ಅಡುಗೆ. ಇತ್ತ ನಮ್ಮ ಒಗ್ಗರಣೆಯ ಹೊಗೆಗೆ ಅಲಾರಂ ಕೂಗಿಕೊಳ್ಳುತ್ತದೆಂದು ಅದರ ಬ್ಯಾಟರಿ ಕಿತ್ತಿಡುವ ಮನೆಗಳೂ ಇವೆ. ಬೆಂಕಿ ಹುಡುಕುವ ರೋಬಾಟ್ ಎಲ್ಲರ ಮನೆಯಲ್ಲೂ ಆಗಲೇ ಇದೆ, ಛಾವಣಿಗೆ ಅಂಟಿಕೊಂಡಿದೆ. ಅದರ ಕಣ್ಣು ಕಿತ್ತರೆ ಹೇಗೆ?

ಹಾಗಾಗಿ ನಮ್ಮ ಹುಡುಗಿಯರು ಕನ್ನಡದಲ್ಲಿ ಒಂದು ಹಾಳೆ ಬರೆದು ಒಲೆಯ ಪಕ್ಕದ ಫ್ರಿಜ್‌ಗೆ ಅಂಟಿಸಿದರು. ಅದರ ಸಾರ ಇಷ್ಟು:

1. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬಾರದು. ಕಾದ ಎಣ್ಣೆಯೊಳಗೆ ನೀರು ಒಮ್ಮೆಲೇ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಚಿಮ್ಮಿಸುತ್ತದೆ.
2. ಕೈಗೆ ಅಪಾಯವಿಲ್ಲದಿದ್ದರೆ ಮುಚ್ಚಳವನ್ನು ಪಕ್ಕದಿಂದ ಜಾರಿಸಿ ಮುಚ್ಚಿ, ಒಲೆ ಆರಿಸಿ, ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ತೆಗೆಯಬೇಡಿ. ಬಾಣಲೆ ಎತ್ತಿಕೊಂಡು ಓಡಬೇಡಿ.
3. ಆರದಿದ್ದರೆ ಮಗುವನ್ನು ಎತ್ತಿಕೊಂಡು ಹೊರಗೆ ಬನ್ನಿ, ಬಾಗಿಲು ಎಳೆದುಕೊಳ್ಳಿ. ಒಡವೆ, ಪಾಸ್‌ಪೋರ್ಟ್ ಹುಡುಕಬೇಡಿ.
4. ಹೊರಗೆ ಬಂದ ಮೇಲೆ 911. “ಫೈರ್” ಎಂದು ಹೇಳಿ, ಮನೆಯ ವಿಳಾಸ ಓದಿ. ವಿಳಾಸವನ್ನು ಕನ್ನಡ ಅಕ್ಷರದಲ್ಲಿ ಬರೆದಿದೆ.

ಬೇರೆ ದೇಶಗಳಲ್ಲಿರುವ ಓದುಗರು ನಿಮ್ಮ ಸಂಖ್ಯೆ ಬರೆದುಕೊಳ್ಳಿ: ಬ್ರಿಟನ್ನಿನಲ್ಲಿ 999, ಜರ್ಮನಿಯಲ್ಲಿ 112, ಆಸ್ಟ್ರೇಲಿಯಾದಲ್ಲಿ 000, ಸಿಂಗಪುರದಲ್ಲಿ 995, ಯುಎಇಯಲ್ಲಿ ಬೆಂಕಿಗೆ 997. ಅಲಾರಂ ಒಲೆಯಿಂದ ಕನಿಷ್ಠ 3 ಮೀಟರ್ ದೂರವಿದ್ದರೆ ಒಗ್ಗರಣೆಗೆ ಕೂಗುವುದು ಕಡಿಮೆ. ಬೆಳಕಿನ ಚದುರುವಿಕೆಯಿಂದ ಹೊಗೆ ಗುರುತಿಸುವ ಫೋಟೊಎಲೆಕ್ಟ್ರಿಕ್ ಬಗೆಯದು ಅಡುಗೆಮನೆಯ ಹತ್ತಿರಕ್ಕೆ ವಾಸಿ. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಿ, ಹತ್ತು ವರ್ಷವಾದರೆ ಬದಲಿಸಿ.

ನೀವೂ ಕಟ್ಟುವುದಾದರೆ

ಮಧ್ಯಮ ಶಾಲೆಯ ಮಕ್ಕಳು ಒಂದು ಚಳಿಗಾಲದಲ್ಲಿ ಮುಗಿಸಬಹುದಾದ ಕೆಲಸ ಇದು. ಒಂದೇ ಸಲಕ್ಕೆ ಎಲ್ಲವನ್ನೂ ಜೋಡಿಸಬೇಡಿ. ಮೊದಲು ಬರೀ ನಡೆಯಲಿ, ಆಮೇಲೆ ಗೋಡೆ, ಆಮೇಲೆ ಪಟ್ಟಿ, ಕೊನೆಗೆ ಬೆಂಕಿ. ಒಂದೊಂದನ್ನೂ ಹತ್ತು ಸಲ ಓಡಿಸಿ, ಎಷ್ಟು ಸಲ ಗೆದ್ದಿತು, ಸೋತಾಗ ಎಲ್ಲಿ ಸೋತಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮತ್ತೆ ಚಾರ್ಜ್ ಮಾಡಬಹುದಾದ ಸಾದಾ ಪೆನ್ಸಿಲ್ ಸೆಲ್ಲುಗಳೇ ಸಾಕು. ಬತ್ತಿ ಹಚ್ಚುವಾಗ ದೊಡ್ಡವರು ಪಕ್ಕದಲ್ಲಿರಲೇಬೇಕು, ಉದ್ದ ಕೂದಲು ಕಟ್ಟಿರಬೇಕು, ಬಕೆಟ್ಟಿನಲ್ಲಿ ನೀರಿರಬೇಕು.

ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮ್ಮ ಹಿರಿಯರದ್ದು. ತಣ್ಣಪ್ಪನನ್ನು ಕಟ್ಟಲು ನಿಮಗೆ ಒಂದು ಚಳಿಗಾಲ ಬೇಕು. ಅಲಾರಂನ ಗುಂಡಿ ಒತ್ತಿ, ಫ್ರಿಜ್ಜಿನ ಮೇಲೆ ಒಂದು ಕನ್ನಡ ಹಾಳೆ ಅಂಟಿಸಲು ಐದು ನಿಮಿಷ ಸಾಕು. ದಯವಿಟ್ಟು ಇಂದೇ ಮಾಡಿ. ಮನೆಗೆ ಹಿರಿಯರು ಬಂದಿದ್ದರೆ ಅವರ ಕೈಯಲ್ಲೇ ಆ ಹಾಳೆಯನ್ನು ಓದಿಸಿ.

ಎಲ್ಲರಿಗೂ ಒಳ್ಳೆಯದಾಗಲಿ.